ಪೋಲೆಂಡಿನ ಬುತ್ತಿ, ರಾಮದುರ್ಗದ ಬುಟ್ಟಿ

ನಮ್ಮ ಬೀಗತಿ ಪೋಲೆಂಡಿನಿಂದ ಬೈಲಹೊಂಗಲಕ್ಕೆ ಬಂದಿಳಿದ ದಿನ, ನಾನು ಮದುವೆಯಾದಾಗಿನಿಂದ ಕಪಾಟಿನಲ್ಲಿ ಕಾಪಾಡಿಕೊಂಡು ಬಂದಿದ್ದ ಇಂಗ್ಲಿಷನ್ನು ಹೊರತೆಗೆದು, ಧೂಳು ಕೊಡವಿ, ಇಸ್ತ್ರಿ ಮಾಡಿ ಸಿದ್ಧವಾಗಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಎಲೊಕ್ಯೂಶನ್ನಿಗೆ ಕಪ್ ಗೆದ್ದವಳು ನಾನು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಔಷಧಿ ಬಾಟಲಿಗಳ ಲೇಬಲ್ ಓದುವುದನ್ನು ಬಿಟ್ಟರೆ ಆ ಇಂಗ್ಲಿಷಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಬಾಗಿಲಲ್ಲಿ ನಿಂತು, "ಐ ಟ್ರಸ್ಟ್ ಯು ಹ್ಯಾಡ್ ಅ ಪ್ಲೆಸೆಂಟ್ ಜರ್ನಿ," ಎಂದೆ. ಆಕೆ ನನ್ನನ್ನು ಎಲುಬು ನೋಯುವಷ್ಟು ಬಿಗಿಯಾಗಿ ಅಪ್ಪಿಕೊಂಡು, "ಗುಡ್, ಗುಡ್. ಮಾರ್ಕೆಟ್ ವೇರ್?" ಎಂದಳು.

ನನ್ನ ಇಂಗ್ಲಿಷ್ ಮರಳಿ ಕಪಾಟು ಸೇರಿತು.

ಮಗ ದನಕರುಗಳ ಡಾಕ್ಟರು. ಕುರಿಗಳ ಬಗ್ಗೆ ಹೆಚ್ಚಿಗೆ ಕಲಿತು ಬರುತ್ತೇನೆಂದು ಕೆಲವು ಕಾಲ ಆ ದೇಶಕ್ಕೆ ಹೋದವನು ಕುರಿಗಳ ಬಗ್ಗೆ ಏನು ಕಲಿತನೋ ಗೊತ್ತಿಲ್ಲ, ಹೆಂಡತಿಯನ್ನಂತೂ ಕರೆದುಕೊಂಡು ಬಂದ. ಸೊಸೆ ನಮ್ಮ ಓಣಿಯಲ್ಲಿ ನೆಲೆಸಿ ಈಗ ನನಗಿಂತ ಗಟ್ಟಿಯಾಗಿ ಬೈಲಹೊಂಗಲದ ಮಾತು ಆಡುತ್ತಾಳೆ. ಫೋನು ಬಂದರೆ ನಾನು "ಹಲೋ, ಹೂ ಈಸ್ ಸ್ಪೀಕಿಂಗ್" ಅನ್ನುತ್ತೇನೆ, ಆಕೆ "ಯಾರ್ರೀ ಅದು" ಅನ್ನುತ್ತಾಳೆ. ಅವಳು ಬಸುರಿಯಾದಾಗ ಬಾಣಂತನ ಮುಗಿಯುವ ತನಕ ಇರುತ್ತೇನೆಂದು ತಾಯಿ ಅರ್ಧ ವರ್ಷದ ವೀಸಾ ಹಿಡಿದು ಬಂದಳು. ಬೀಗರಿಗೆ ಬಹುವಚನ ಕೊಡಬೇಕೆಂಬುದು ನನಗೂ ಗೊತ್ತು. ಕೊಡುತ್ತಲೂ ಇದ್ದೆ, ಆಕೆ ಸವದತ್ತಿಯ ಸಂತೆಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಕಾಲು ಚಾಚಿ ಕೂರುವ ತನಕ.

ನಿಜ ಹೇಳಬೇಕೆಂದರೆ, ಆಕೆ ಬರುವವರೆಗೆ ನನಗೂ ನಮ್ಮೂರ ಸಂತೆ ಪರದೇಶವೇ. ನಮ್ಮ ಮನೆತನದಲ್ಲಿ ಸಂತೆ ಮಾಡುವುದು ಗಂಡಸರ ಕೆಲಸ. ಮಾವನವರು ಧೋತರದ ಚುಂಗು ಹಿಡಿದು ಹೋಗಿ, ಬದನೆಕಾಯಿಗಳನ್ನು ಕನ್ಯೆ ನೋಡುವವರ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿ ಆರಿಸಿ ತರುತ್ತಿದ್ದರು. ಅವರ ನಂತರ ನನ್ನ ಗಂಡ ಆ ಕೆಲಸ ಮಾಡಿದರು, ಅವರೂ ತೀರಿಕೊಂಡ ಮೇಲೆ ಮಗ. ನಾನು ಒಳಗೆ ಕುಳಿತು, ತಂದದ್ದೆಲ್ಲ ಬಲಿತಿದೆ ಎಂದು ತಪ್ಪು ಹುಡುಕುತ್ತಿದ್ದೆ. ಅಪರೂಪಕ್ಕೆ ಪೇಟೆ ಹಾದು ಹೋದರೆ ಆಟೋದಲ್ಲೇ ಕುಳಿತು ಮೂಗಿಗೆ ಹ್ಯಾಂಕರ್ಚೀಫ್ ಹಿಡಿಯುತ್ತಿದ್ದೆ. ಲೇಡಿಯಾದವಳು ಕಂಡದ್ದನ್ನೆಲ್ಲ ಮುಟ್ಟಬಾರದು, ಮೂಸಬಾರದು, ಬೀದಿಯಲ್ಲಿ ಬಾಯಾಡಿಸಬಾರದು ಎಂದು ಸಿಸ್ಟರುಗಳು ಕಲಿಸಿದ್ದರು. ಬೀಗತಿ ಮೊದಲ ದಿನವೇ ಈ ಮೂರನ್ನೂ ನಾಷ್ಟಾಕ್ಕೆ ಮುಂಚೆ ಮುಗಿಸಿದಳು.

ಅಂದು ಆಕೆ ಸೊಪ್ಪಿನವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕಿಯ ಕಟ್ಟನ್ನು ಎತ್ತಿ ಮೂಗಿಗೆ ಒತ್ತಿ ಉಸಿರೆಳೆದಳು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು, ಈಕೆ ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಬಾಳೆಹಣ್ಣು ನೋಡುತ್ತಿದ್ದೆ. ಸೊಪ್ಪಿನವಳು ನನ್ನನ್ನು ಬಿಡಲಿಲ್ಲ.

"ಅವ್ವಾರ, ನಿಮ್ಮ ಜೋಡಿ ಬಂದಾರಲ್ಲ, ಇವರು ಎಮ್ಮಿಯಂಗ ಮೂಸಾಕ ಹತ್ಯಾರ. ಒಯ್ಯತಾರೋ, ಇಲ್ಲೇ ಮೇಯತಾರೋ?"

"ನಮ್ಮ ಬೀಗತೇರು," ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

"ಮೊದಲ ಹೇಳಬಾರದೇನ್ರಿ. ಬೀಗತೇರು ಅಂದ ಮ್ಯಾಲೆ ಬಾಯಿಗೆ ಕೊಡಬೇಕಲ್ಲ." ಆಕೆ ಎರಡು ಎಲೆ ಚಿವುಟಿ ಬೀಗತಿಯ ಅಂಗೈಯಲ್ಲಿಟ್ಟಳು. "ತಿನ್ರಿ. ನಮ್ಮ ಊರಿಂದು, ಏನೂ ಆಗೂದಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಸಂತೆ ಎಂದರೆ ಮೊದಲು ಬಾಯಿಗೆ, ಆಮೇಲೆ ಚೀಲಕ್ಕೆ ಎಂದು ಆಕೆ ತಿಳಿದುಕೊಂಡಳು. ಹಸಿ ಕಡಲೆಯವನು ಕಡಲೆ ಸುಲಿದು ಕೊಟ್ಟ, ಬೆಲ್ಲದವನು ಅಚ್ಚಿನ ಮೂಲೆ ಮುರಿದು ಕೊಟ್ಟ. ಎಳೆ ಜೋಳದ ತೆನೆ ಸುಟ್ಟು ಸೀತನಿ ಮಾರುವವಳಂತೂ ತನ್ನ ಮಗ್ಗುಲಲ್ಲಿ ಜಾಗ ಮಾಡಿ ಕೂರಿಸಿಕೊಂಡಳು. ಯಾರೋ "ರುಚಿ ನೋಡ್ರಿ" ಎಂದರು. ಆಕೆ ಕಲಿತ ಮೊದಲ ಕನ್ನಡ ಅದೇ. ನನಗೆ "ಗುಡ್ ಮಾರ್ನಿಂಗ್" ಹೇಳುವ ಬದಲು ಕೂಡ ಒಮ್ಮೊಮ್ಮೆ "ರುಚಿ ನೋಡ್ರಿ" ಅನ್ನುತ್ತಿದ್ದಳು.

ಹೀಗಿರುವಾಗ ಎದುರುಮನೆಯ ಆಯಿ ಕೋಲೂರಿಕೊಂಡು ಬಂದರು. ಈ ಆಯಿ ನಮ್ಮ ಓಣಿಯ ಸುಪ್ರೀಂ ಕೋರ್ಟು. ಅವರ ಮೇಲೆ ಅಪೀಲು ಹೋಗಬೇಕೆಂದರೆ ದೇವರ ಹತ್ತಿರವೇ ಹೋಗಬೇಕು, ದೇವರೂ ಅವರಿಗೆ ಸ್ವಲ್ಪ ಹೆದರುತ್ತಾನೆಂದು ನನ್ನ ಅನುಮಾನ.

"ಸೊಸಿಗೆ ಏಳರಾಗ ಬಿದ್ದೈತಿ. ಕುಬಸ ಯಾವಾಗ?" ಎಂದು ಕೇಳಿದರು.

ಕುಬಸ ನಮ್ಮ ಕಡೆಯ ಸೀಮಂತ. ಬಸುರಿಯ ತವರಿನವರು ಹೊಸ ಸೀರೆ, ಕುಬಸದ ಕಣ ಎಂಬ ರವಿಕೆ ಬಟ್ಟೆ, ಜೊತೆಗೆ ಬುತ್ತಿ ತರುತ್ತಾರೆ. ಸೀರೆಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ, ನೋಡುವುದೆಲ್ಲ ಬುತ್ತಿಯನ್ನು. ಹೋಳಿಗೆ, ಕಡುಬು, ಸಜ್ಜಿರೊಟ್ಟಿ ಏನೇ ಇರಲಿ, ಅದನ್ನು ಓಣಿಯ ಮನೆಮನೆಗೂ ಬೀರಬೇಕು. ಹುಡುಗಿಗೆ ಹಿಂದೆ ಮುಂದೆ ಯಾರಿದ್ದಾರೆ ಎಂಬುದು ಆ ತುತ್ತಿನಲ್ಲಿ ಗೊತ್ತಾಗುತ್ತದೆ. ಬುತ್ತಿ ಬರದಿದ್ದರೆ ಯಾರೂ ಬಯ್ಯುವುದಿಲ್ಲ, "ಪಾಪ" ಅನ್ನುತ್ತಾರೆ. ಅದಕ್ಕಿಂತ ಬಯ್ಯುವುದೇ ವಾಸಿ.

"ತಾಯಿ ಇಲ್ಲೇ ಇದ್ದಾಳಲ್ಲ, ನಮ್ಮ ಅಡಿಗಿ ಮನ್ಯಾಗ ಮಾಡತಾಳ," ಎಂದೆ.

"ತವರಮನಿ ಬುತ್ತಿ ಅತ್ತಿಮನಿ ಒಲಿ ಮ್ಯಾಲ ಬೇಯಿಸಿದ್ರ ಅದು ಬುತ್ತಿ ಅಲ್ಲ, ನಾಷ್ಟಾ," ಎಂದರು ಆಯಿ. "ಬುತ್ತಿ ದಾರಿ ಹಿಡದು ಬರಬೇಕು. ಹೊಸ್ತಲಾ ದಾಟಿ ಒಳಗ ಬರಬೇಕು."

"ಹಂಗಾದ್ರ ರೊಟ್ಟಿ ಮಾಡಿ ಮಾರೋ ಹೆಣ್ಣಮಕ್ಕಳಿಗೆ ಆರ್ಡರ್ ಕೊಟ್ಟರಾತು. ಛಲೋ ಮಾಡತಾರ. ತವರಿಂದು ಅಂತ ಬೀರೂಣು."

ನಾನು ಸುಮ್ಮನೆ ಹೇಳಿದ್ದಲ್ಲ. ನನ್ನ ಕುಬಸದ ಹೊತ್ತಿಗೆ ನನ್ನ ತಾಯಿ ತೀರಿಕೊಂಡಿದ್ದಳು. ಅಣ್ಣನ ಹೆಂಡತಿ ಖಾನಾವಳಿಯ ಹೋಳಿಗೆಯನ್ನು ತವರುಮನೆಯ ಡಬ್ಬಿಗೆ ತುಂಬಿಕೊಂಡು ಬಂದಿದ್ದಳು. ಮೊದಲ ತುತ್ತಿಗೇ ನನಗೆ ಗೊತ್ತಾಯಿತು, ನನ್ನ ಅತ್ತೆಗೂ ಗೊತ್ತಾಯಿತು, ಇಬ್ಬರೂ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನನಗೇನೂ ಆಗಲಿಲ್ಲ. ಮಗ ನೆಟ್ಟಗೇ ಹುಟ್ಟಿದ.

ಸೊಸೆ ಮೂಲೆಯಲ್ಲಿ ಕುಳಿತು ಕಡಲೆ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬ್ಯಾಡ್ರಿ ಅತ್ತ್ಯಾರ. ನಾ ಈ ಓಣ್ಯಾಗಿನ ಎಲ್ಲಾರ ತವರಿಂದೂ ತಿಂದೇನಿ. ನಮ್ಮವ್ವನ ಕೈಯಿಂದು ಇವರೂ ತಿನ್ಲಿ."

ಅವಳು ಈ ಮನೆಗೆ ಬಂದಾಗಿನಿಂದ ನನ್ನ ಹತ್ತಿರ ಏನನ್ನೂ ಬೇಕೆಂದು ಕೇಳಿದವಳಲ್ಲ. ಫ್ರಿಜ್ ಕೂಡ ನಾನೇ ಬಲವಂತ ಮಾಡಿ ಕೊಡಿಸಿದ್ದು.

ಆಯಿ ಕೋಲನ್ನು ಆಚೆ ಕೈಗೆ ಬದಲಿಸಿದರು. "ಆತು. ಆದ್ರ ಅವರೂರಿಂದ ಬುತ್ತಿ ಹೊತ್ತಗೊಂಡು ಬರೂದ್ರಾಗ ಕೂಸು ಸಾಲಿಗೆ ಹೋಗತೈತಿ. ಏನ ಮಾಡತೀರೋ ನೋಡ್ರಿ."

ಸೊಸೆ ತಾಯಿಗೆ ಎಲ್ಲವನ್ನೂ ಅವರ ಭಾಷೆಯಲ್ಲಿ, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ತಿಳಿಸಿದಳು. ಓಣಿಯವರ ಎದುರು ಅವಳು ಆ ಭಾಷೆ ಆಡಿದ್ದನ್ನು ನಾನು ಕೇಳಿದ್ದೇ ಇಲ್ಲ. ತಾಯಿ ಹೊರಗೆ ಬಂದು, ತಂಬಿಗೆಯ ನೀರಲ್ಲಿ ಬೆರಳದ್ದಿ ನೆಲದ ಮೇಲೆ ಅರ್ಧಚಂದ್ರ ಬರೆದಳು. ಅದರ ಅಂಚಿಗೆ ಉದ್ದಕ್ಕೂ ಸಣ್ಣ ಸಣ್ಣ ಮಡಿಕೆ ಬರೆದಳು.

"ಕಡಬು," ಎಂದರು ಆಯಿ, ಕನ್ನಡಕವಿಲ್ಲದೆ.

ಅವರೂರಿನ ಕಡುಬಿಗೆ ಒಳಗೆ ತುಂಬುವುದು ಬೇಯಿಸಿದ ಆಲೂಗಡ್ಡೆ, ಹುರಿದ ಉಳ್ಳಾಗಡ್ಡಿ, ಮತ್ತು ಹಾಲು ಒಡೆಸಿ ತೆಗೆದ ಗಿಣ್ಣಿನಂಥ ಒಂದು ಪದಾರ್ಥ. ಹಾಲು ಒಡೆಸುವುದು ಎಂಬ ಮಾತು ಸೊಸೆಯ ಬಾಯಿಂದ ಬಿದ್ದದ್ದೇ ತಡ, ಆಯಿ ಎರಡೂ ಕಿವಿ ಮುಚ್ಚಿಕೊಂಡರು. "ಬಸರಿ ಇದ್ದ ಮನ್ಯಾಗ ತಾವಾಗಿ ಹಾಲ ಒಡಸತಾರೇನ ಯಾರರ? ಬೆಕ್ಕು ಕೂಡ ಮಾಡೂದಿಲ್ಲ." ಸಿಹಿಯದು ಬೇಕೆಂದರೆ ಹುಳಿಹುಳಿಯಾದ ಒಂದು ಕಪ್ಪು ಹಣ್ಣಿನ ಹೂರಣ, ಆ ಹಣ್ಣು ನಮ್ಮ ಸೀಮೆಯಲ್ಲಿ ಇಲ್ಲ. ಮಾಂಸದ್ದೂ ಒಂದಿದೆ ಎಂದು ಸೊಸೆ ಹೇಳಲು ಹೊರಟಾಗ ನಾನು ಚಹಾ ತಂದೆ.

ಹೀಗೆ ಒಡೆಸಿದ ಹಾಲಿಗೂ ಆ ಕಪ್ಪು ಹಣ್ಣಿಗೂ ಬದಲಿ ಹುಡುಕುತ್ತ ನಮ್ಮ ಸಂತೆ ತಿರುಗಾಟ ಶುರುವಾಯಿತು. ಒಂದೊಂದು ಊರಿಗೆ ಒಂದೊಂದು ವಾರ ಸಂತೆ. ನಾವು ಆಯಾ ವಾರಕ್ಕೆ ಆಯಾ ಊರಿನ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟು ಫ್ರೀ ಆದ ಮೇಲೆ ಬಸ್ಸಿನಲ್ಲಿ ಗಂಡಸರು ಅಲ್ಪಸಂಖ್ಯಾತರಾಗಿದ್ದಾರೆ, ಬಾಗಿಲ ಹತ್ತಿರ ಮುದುಡಿ ನಿಲ್ಲುತ್ತಾರೆ, ನೋಡಲಿಕ್ಕೆ ಚೆಂದ. ಕಂಡಕ್ಟರ್ ಬೀಗತಿಯನ್ನು ನೋಡಿ, "ಇವರದು ಆಧಾರ ಕಾರ್ಡು?" ಎಂದ. ಇಲ್ಲವೆಂದೆ. ಆತ ಟಿಕೆಟ್ ಹರಿದು ಕೊಟ್ಟ. ಇಡೀ ಬಸ್ಸಿನಲ್ಲಿ ರೊಕ್ಕ ಕೊಟ್ಟ ಹೆಂಗಸು ತಾನೊಬ್ಬಳೇ ಎಂದು ತಿಳಿದು ಆಕೆಗೆ ವಿಪರೀತ ಹೆಮ್ಮೆ.

ಕಿತ್ತೂರಿನಲ್ಲಿ ಮೊಸರು ಮಾರುವ ಮುದುಕಿಯೊಬ್ಬಳು ತನ್ನ ಮೊಸರು ಎಷ್ಟು ಗಟ್ಟಿ ಎಂದು ತೋರಿಸಲು ಗಡಿಗೆಯನ್ನು ತಲೆಕೆಳಗು ಮಾಡಿ ಹಿಡಿದಳು. ಒಂದು ಹನಿ ಬೀಳಲಿಲ್ಲ. ಬೀಗತಿ ಗಡಿಗೆಯ ಕೆಳಗೆ ತನ್ನ ತಲೆ ಹಿಡಿದು ಮೇಲಕ್ಕೆ ನೋಡಿದಳು. ಮುದುಕಿ, "ಯವ್ವಾ, ನನ್ನ ಮ್ಯಾಲ ಇಷ್ಟ ನಂಬಿಗಿ ನನ್ನ ಗಂಡಗೂ ಇರಲಿಲ್ಲ," ಎಂದಳು. ನನಗೆ ಆಗ ಹೊಳೆಯಿತು. ಶ್ರೀಖಂಡಕ್ಕೆ ನಾವು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಚಕ್ಕಾ ಮಾಡುತ್ತೇವಲ್ಲ, ಅದೇ ಸಾಕು. ಹಾಲು ಒಡೆಸುವುದೇ ಬೇಡ. ಕಾನ್ವೆಂಟಿನಲ್ಲಿ ಕಲಿತದ್ದು ಯಾವುದೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಸವದತ್ತಿಯಲ್ಲಿ ಬಾರಿಹಣ್ಣಿನ, ಅಂದರೆ ಬೋರೆಹಣ್ಣಿನ, ರಾಶಿ ಬಿದ್ದಿತ್ತು. ಆಕೆ ಒಂದನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮಗ್ಗುಲಿನ ಮೆಣಸಿನಕಾಯಿ ಚೀಲದ ಮೇಲೆ ಧೊಪ್ಪನೆ ಕುಳಿತಳು. ಹುಳಿ ಸಿಕ್ಕಿತ್ತು. ಬೀಜವನ್ನು ನನ್ನ ಕೈಯಲ್ಲಿಟ್ಟಳು, ಎಲ್ಲಿ ಉಗುಳುವುದೆಂದು ತಿಳಿಯದೆ. ನಾನು ಅದನ್ನು ಹ್ಯಾಂಕರ್ಚೀಫಿನಲ್ಲಿ ಸುತ್ತಿಕೊಂಡೆ. ಬಹುವಚನ ಹೋದದ್ದು ಆಗ. ಚೀಲದ ಮಾಲಕ ಹಿಂದಿನಿಂದ, "ಅವ್ವಾರ, ಅವರನ್ನ ಎಬ್ಬಸ್ರಿ, ಕೆಳಗ ಖಾರ ಐತಿ, ಆಮ್ಯಾಲೆ ಉರದ್ರ ನನಗ ಬೈಬ್ಯಾಡ್ರಿ," ಎಂದು ಬೇಡಿಕೊಳ್ಳುತ್ತಿದ್ದ. ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಲಿ? ಎಲೊಕ್ಯೂಶನ್ ಕಪ್ಪಿನಿಂದ ಏನೂ ಪ್ರಯೋಜನವಾಗಲಿಲ್ಲ.

ಸಾಮಾನು ಕೂಡಿತು. ಒಲೆ ಬೇಕಿತ್ತು. ರಾಮದುರ್ಗದಲ್ಲಿ ನನ್ನ ಕಾನ್ವೆಂಟಿನ ಗೆಳತಿ ಇದ್ದಾಳೆ. ಸಿಸ್ಟರುಗಳು ಇಬ್ಬರನ್ನೂ ಒಟ್ಟಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದರಿಂದ ಹುಟ್ಟಿದ ಗೆಳೆತನ. ಫೋನು ಮಾಡಿದೆ.

"ನಿಮ್ಮ ಓಣಿ ಮುದಕಿಗೆ ತವರು ಬೇಕು, ಹೌದಲ್ಲೋ?" ಎಂದಳು ಆಕೆ. "ನಾ ಆ ಬೀಗತಿ ಅಕ್ಕ ಅಂತ ಹೇಳು. ಅಕ್ಕನ ಮನಿ ಅಂದ್ರ ತವರ. ಮಾರಿ ಹೋಲೂದಿಲ್ಲ ಅಂದ್ರ, ನಾ ಸ್ವಲ್ಪ ಬಿಸಲಾಗ ಅಡ್ಡಾಡೇನಿ ಅನ್ನು."

ಆಯಿಗೆ ವರದಿ ಒಪ್ಪಿಸಿದೆ. ಅವರು ಬಹಳ ಹೊತ್ತು ವಿಚಾರ ಮಾಡಿ, "ಒಲಿ ಬ್ಯಾರೆ, ಊರು ಬ್ಯಾರೆ, ಕೈ ತಾಯೀದು. ನಡೀತೈತಿ," ಎಂದು ತೀರ್ಪು ಕೊಟ್ಟರು. "ಆದ್ರ ಒಂದು. ಬುತ್ತಿ ದಾರ್ಯಾಗ ಬಿಚ್ಚಬಾರದು. ಬಸರಿ ಮುಂದನ ಬಿಚ್ಚಬೇಕು."

ಈ ಒಂದು ಮಾತನ್ನು ಬೀಗತಿಗೆ ತಿಳಿಸಲು ನಾನು ಮರೆತೆ. ನಮ್ಮಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ಹೇಳಬೇಕೆಂದೇ ಹೊಳೆಯಲಿಲ್ಲ.

ಕುಬಸದ ಹಿಂದಿನ ದಿನವೇ ಹೋಗಿ ಗೆಳತಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಬೀಗತಿ ಹಿಟ್ಟು ನಾದಿದಳು, ಲಟ್ಟಿಸಿದಳು, ಲೋಟದ ಬಾಯಿಂದ ಒತ್ತಿ ಬಿಲ್ಲೆ ತೆಗೆದಳು. ಅರ್ಧಕ್ಕೆ ಚಕ್ಕಾ ಮತ್ತು ಆಲೂಗಡ್ಡೆ, ಅರ್ಧಕ್ಕೆ ಬೆಲ್ಲದಲ್ಲಿ ಕುದಿಸಿದ ಬಾರಿಹಣ್ಣು. ನನ್ನ ಗೆಳತಿ ಅಂಚು ಮಡಿಸಲು ಕೈ ಹಾಕಿದಾಗ ಆಕೆ ಮೊಣಕೈಯಿಂದ ಸರಿಸಿದಳು. ಒಂದನ್ನೂ ಮುಟ್ಟಗೊಡಲಿಲ್ಲ. ನೀರಲ್ಲಿ ಬೇಯಿಸಿ, ತುಪ್ಪದಲ್ಲಿ ಹೊರಳಿಸಿ, ಗೆಳತಿಯ ಬಿದಿರಿನ ಬುಟ್ಟಿಯಲ್ಲಿ ಬಾಳೆಲೆ ಹಾಸಿ ತುಂಬಿಸಿ, ಬಿಳಿ ಬಟ್ಟೆ ಕಟ್ಟಿದಳು. ಗೆಳತಿ ಮೇಲೆ ಅರಿಷಿಣ ಕುಂಕುಮ ಇಟ್ಟು, ಬಸ್ ನಿಲ್ದಾಣಕ್ಕೆ ಬಂದು, ಕಿಟಕಿಯಿಂದ, "ಬುಟ್ಟಿ ವಾಪಸ್ ಕೊಡ್ರಿ, ನಮ್ಮತ್ತೀದು," ಎಂದು ಕೂಗಿ ಕಳಿಸಿದಳು.

ಬಸ್ಸಿನಲ್ಲಿ ನನಗೆ ಮುಂದೆ ಸೀಟು ಸಿಕ್ಕಿತು, ಬೀಗತಿಗೆ ಹಿಂದೆ, ಸಂತೆ ಚೀಲದ ಹೆಂಗಸರ ನಡುವೆ. ಸವದತ್ತಿಯಲ್ಲಿ ಬಸ್ಸು ಬದಲಿಸಿದಾಗಲೂ ಹಾಗೇ ಆಯಿತು. ಬಿಸಿಲು ಹಿತವಾಗಿತ್ತು, ನಾನು ತೂಕಡಿಸಿದೆ. ಮುನವಳ್ಳಿ ದಾಟಿದ ಮೇಲೆ ಹಿಂದಿನಿಂದ ಪರಿಚಿತ ದನಿ ಕೇಳಿ ಎಚ್ಚರವಾಯಿತು.

"ರುಚಿ ನೋಡ್ರಿ. ರುಚಿ ನೋಡ್ರಿ."

ತಿರುಗಿ ನೋಡಿದರೆ ಬಿಳಿ ಬಟ್ಟೆ ಬಿಚ್ಚಿದೆ, ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿದೆ, ಇಡೀ ಬಸ್ಸಿನ ಬಾಯಿ ಆಡುತ್ತಿದೆ. ಕಂಡಕ್ಟರ್ ಒಂದು ಕೈಯಲ್ಲಿ ಕಡುಬು ಹಿಡಿದು ಇನ್ನೊಂದು ಕೈಯಿಂದ ಸೀಟಿ ಊದಲು ಒದ್ದಾಡುತ್ತಿದ್ದಾನೆ. ಇಷ್ಟು ವಾರ ಆಕೆಯ ಬಾಯಿಗೆ ಇಟ್ಟವರೆಲ್ಲ ಇಂಥ ಹೆಂಗಸರೇ. ಈಗ ಆಕೆಯ ಸರದಿ ಬಂದಿತ್ತು, ಅಷ್ಟೆ.

ನಾನು ಎದ್ದು ಸೀಟುಗಳನ್ನು ಹಿಡಿಯುತ್ತ ಹಿಂದಕ್ಕೆ ಹೋದೆ. "ಇದು ಕುಬಸದ ಬುತ್ತಿ ಐತ್ರೀ," ಎಂದೆ.

ಜಗಿಯುವುದು ನಿಂತಿತು. ಮುನವಳ್ಳಿಯಲ್ಲಿ ಹತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ನುಂಗಿ, ಬಾಯಿ ಒರೆಸಿಕೊಂಡು, "ಇವರು ಹೇಳಬೇಕಿಲ್ಲೇನ್ರಿ," ಎಂದಳು.

"ಅಕಿಗೆ ಗೊತ್ತಿಲ್ರಿ."

"ನಿಮಗ ಗೊತ್ತಿತ್ತಲ್ಲ. ನೀವು ನಿದ್ದಿ ಹೊಡಿಯಾಕ ಹತ್ತಿದ್ರಿ." ಆಕೆ ತನ್ನ ಚೀಲ ತಡಕಿ ಎರಡು ಪೇರಲಹಣ್ಣು ತೆಗೆದು ಬುಟ್ಟಿಯೊಳಗೆ ಇಟ್ಟಳು. "ಬಸರಿ ಬುತ್ತಿ ತಿಂದು ಬರಿಗೈಲೆ ಹೋಗಬಾರದು. ಏ, ನೀವೂ ತಗೀರಿ, ತಿಂದೀರಲ್ಲ."

ಚೀಲಗಳ ಬಾಯಿ ಬಿಚ್ಚಿದವು. ಬೆಲ್ಲದ ಅಚ್ಚು ಬಂತು, ಹಸಿ ಕಡಲೆಯ ಕಟ್ಟು ಬಂತು, ಯಾರದೋ ಮನೆಯ ಸಜ್ಜಿರೊಟ್ಟಿ, ವೀಳ್ಯದೆಲೆ, ಒಂದು ಹಿಡಿ ಶೇಂಗಾ. ಕಂಡಕ್ಟರ್ ಜೇಬು ನೋಡಿಕೊಂಡು, ಬಿಚ್ಚದ ಬಿಸ್ಕಿಟ್ ಪುಡಿಕೆ ಹಾಕಿದ. ಬೀಗತಿ ಎಲ್ಲರಿಗೂ "ಗುಡ್, ಗುಡ್" ಎನ್ನುತ್ತ ತೆಗೆದುಕೊಂಡಳು. ತಳದಲ್ಲಿ ಉಳಿದ ಕಡುಬುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮನೆಯಲ್ಲಿ ಜಮಖಾನೆ ಹಾಸಿ ಓಣಿಯವರೆಲ್ಲ ಕುಳಿತಿದ್ದರು. ಸೊಸೆ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಆರತಿಗೆ ಯಾರು ಎಂಬ ಪ್ರಶ್ನೆಯನ್ನು ಆಯಿ ಮೊದಲೇ ಇತ್ಯರ್ಥ ಮಾಡಿದ್ದರು: ನನ್ನ ಗಂಡ ತೀರಿಕೊಂಡಿದ್ದರಿಂದ ನಾನು ಸಲ್ಲುವುದಿಲ್ಲ, ಬೀಗತಿ ಗಂಡನನ್ನು ಬಿಟ್ಟವಳು, ಅಂದರೆ ಅವನು ಎಲ್ಲೋ ಇದ್ದಾನೆ, ಹಾಗಾಗಿ ಮುತ್ತೈದೆಯೇ. ಕಾನೂನು ಎಂದರೆ ಹೀಗಿರಬೇಕು.

ಬೀಗತಿ ಹೊಸ್ತಿಲು ದಾಟಿ ಬುಟ್ಟಿಯನ್ನು ಮಗಳ ಮುಂದೆ ಇಟ್ಟಳು. ಸೊಸೆ ಬಟ್ಟೆ ಸರಿಸಿದಳು. ಮೇಲೆ ಬಿಸ್ಕಿಟ್ ಪುಡಿಕೆ.

ಅವಳು ಒಂದೊಂದೇ ಹೊರಗೆ ತೆಗೆದಳು, ಮುಖ ಸಣ್ಣದಾಗುತ್ತ ಹೋಯಿತು. ನಾನು ಬಸ್ಸಿನಲ್ಲಿ ಆದದ್ದನ್ನು ಹೇಳಿದೆ. ನಾನು ನಿದ್ದೆ ಮಾಡಿದ್ದನ್ನೂ ಹೇಳಿದೆ, ಇಲ್ಲದಿದ್ದರೆ ಮುನವಳ್ಳಿಯವಳು ಹೇಗಾದರೂ ಬಂದು ಹೇಳುತ್ತಾಳೆ ಎನಿಸಿತು. ಆಯಿ ಪೇರಲಹಣ್ಣನ್ನು ಎತ್ತಿ ನೋಡಿ ಕೆಳಗಿಟ್ಟರು.

"ಕಡಬು ಎಲ್ಲೈತಿ?"

ತಳದಲ್ಲಿತ್ತು. ಸೊಸೆ ಒಂದನ್ನು ತೆಗೆದು, ಅಂಚಿನ ಮಡಿಕೆಗಳ ಮೇಲೆ ಹೆಬ್ಬೆರಳು ಆಡಿಸಿ, ಬಾಯಿಗೆ ಇಟ್ಟಳು. ಓಣಿ ಇಡೀ ಅವಳ ದವಡೆ ನೋಡುತ್ತಿತ್ತು. ಅವಳು ನಿಧಾನವಾಗಿ ನುಂಗಿದಳು, ತಾಯಿಯ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಅಂದಳು. ತಾಯಿ ಸೊಂಟಕ್ಕೆ ಕೈ ಇಟ್ಟು ಇನ್ನೂ ಜೋರಾಗಿ ಏನೋ ಅಂದಳು. ಅವಳು ಮತ್ತೆ ಅಂದಳು. ನಮ್ಮ ಪಡಸಾಲೆಯಲ್ಲಿ, ಎಲ್ಲರ ಎದುರು, ಅರ್ಥವಾಗದ ಭಾಷೆಯಲ್ಲಿ ತಾಯಿ ಮಗಳು ವಾದಕ್ಕೆ ಬಿದ್ದರು.

"ಏನಂತಾಳ?" ಆಯಿ ಕೇಳಿದರು.

"ಉಪ್ಪು ಕಡಿಮಿ ಆಗೇತಿ ಅಂದ್ನಿ," ಎಂದಳು ಸೊಸೆ. "ಬಸ್ಸಿನಾಗ ಯಾರೂ ಹಂಗ ಅನ್ನಲಿಲ್ಲ ಅಂತಾಳ. ಯಾವಾಗ್ಲೂ ಹಂಗ ಮಾಡತಾಳ್ರಿ, ಸಣ್ಣಾಕಿ ಇದ್ದಾಗಿಂದ ಹೇಳೇನಿ."

ಆಯಿಯ ಮುಖ ಸಡಿಲಾಯಿತು. "ತವರಿಂದ ಐತಿ ಬಿಡು," ಎಂದರು. "ತಾಯಿ ಕೈ ಅಲ್ಲದಿದ್ರ ಹಿಂಗ ತಪ್ಪು ಹುಡಿಕಿ ಹೆಸರಿಡಾಕ ಬರೂದಿಲ್ಲ. ಉಳದದ್ದ ತುಂಡ ಮಾಡ್ರಿ. ಮನಿಗೊಂದು ತುಣುಕು ಮುಟ್ಟಲಿ. ಆ ಪೇರಲ, ಬೆಲ್ಲ ಎಲ್ಲಾ ಜೋಡಿಗೆ ಇಡ್ರಿ, ಅವೂ ದಾರಿ ಹಿಡದ ಬಂದಾವು."

ತುಣುಕುಗಳು ಓಣಿಯ ಮನೆಮನೆಗೂ ಹೋದವು. ಮರುದಿನ ನೀರು ತುಂಬುವಲ್ಲಿ, ಹಾಲಿನವನ ಹತ್ತಿರ, ಗಿರಣಿಯಲ್ಲಿ, ಎಲ್ಲ ಕಡೆ ಅದೇ ಮಾತು: ಅವರೂರ ಕಡುಬು ಛಲೋ, ಉಪ್ಪು ಮಾತ್ರ ಕಡಿಮೆ. ಸೊಸೆ ಕೇಳಿಸಿಕೊಂಡು ನಗುತ್ತಿದ್ದಳು, "ಹೌದ್ರಿ, ನಮ್ಮವ್ವಂದು ಯಾವಾಗ್ಲೂ ಹಂಗ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ನನ್ನ ಪಾಲಿನ ತುಣುಕನ್ನು ನಾನು ಅಡಿಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ತಣ್ಣಗಾಗಿತ್ತು, ಉಪ್ಪು ನಿಜವಾಗಿಯೂ ಕಡಿಮೆ ಇತ್ತು. ನನ್ನ ಕುಬಸದ ದಿನ ಆ ಖಾನಾವಳಿಯ ಹೋಳಿಗೆಯನ್ನು ಬಾಯಲ್ಲಿಟ್ಟುಕೊಂಡು, ಅಣ್ಣನ ಹೆಂಡತಿಗೆ "ವೆರಿ ನೈಸ್, ಬಹಳ ಚೆನ್ನಾಗಿದೆ" ಎಂದಿದ್ದೆ, ಸಿಸ್ಟರುಗಳು ಕಲಿಸಿದ ಹಾಗೆಯೇ. ನಿಜಕ್ಕೂ ಚೆನ್ನಾಗಿತ್ತು ಆ ಹೋಳಿಗೆ. ಹೆಸರಿಡಲು ಒಂದೂ ತಪ್ಪು ಇರಲಿಲ್ಲ ಅದರಲ್ಲಿ.